ಖಾಲಿ ಕುರ್ಚಿಗಳ ಮುಂದೆ ವಿದ್ಯುತ್ಕಾಂತ

ಮನೆಯಿಂದಲೇ ಕೆಲಸ ಮಾಡುವ ಒಂಟಿ ಮನುಷ್ಯನಿಗೆ ಬಾಯಿ ಇರುವುದು ಊಟಕ್ಕೆ ಮಾತ್ರ ಎಂಬ ಸತ್ಯ ನನಗೆ ಹೊಳೆದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟಿಗೆ ಬಂದ ಮೇಲೆ. ಆಫೀಸಿನ ಮೀಟಿಂಗುಗಳಲ್ಲಿ ನಾನು ಸದಾ ಮ್ಯೂಟ್. ಒಮ್ಮೆ ಕುಕ್ಕರ್ ಕೂಗಿದಾಗ "ಬಂದೆ ಇರು" ಎಂದುಬಿಟ್ಟೆ. ಆ ವಾರ ನಾನು ಆಡಿದ ಕನ್ನಡ ಅಷ್ಟೇ. ಹೀಗಿರುವಾಗ ಮ್ಯಾಂಚೆಸ್ಟರಿನ ನಮ್ಮ ಪುಟ್ಟ ಕನ್ನಡ ಕೂಟದ ಕಾರ್ಯದರ್ಶಿ ಶುಭಾ ಫೋನ್ ಮಾಡಿ, "ಸರ್, ಶನಿವಾರ ಮೂರು ಗಂಟೆಗೆ ಪ್ರೋಗ್ರಾಮ್. ತಿಂಡಿಗೆ ಮುಂಚೆ ಮಕ್ಕಳಿಗೆ ಸೈನ್ಸ್ ಬಗ್ಗೆ ಒಂದಿಪ್ಪತ್ತು ನಿಮಿಷ ಮಾತಾಡ್ತೀರಾ?" ಎಂದರು. ಇಪ್ಪತ್ತೇ ನಿಮಿಷವೇ ಎಂದು ನನಗೆ ಬೇಸರವಾಯಿತು.

ಮೊದಲ ವಿದ್ಯುತ್ಕಾಂತ ಮಾಡಿದ ಮನುಷ್ಯನನ್ನು ಆರಿಸಿಕೊಂಡೆ. ಬೂಟು ಹೊಲಿಯಲು ಕಲಿತವನು, ಅದು ಸಾಕಾಗಿ ಸೈನ್ಯ ಸೇರಿದ. ಬಿಡುವಿನಲ್ಲಿ ತಾನೇ ಓದಿಕೊಂಡ. ಬಾಗಿಸಿದ ಕಬ್ಬಿಣದ ಸರಳಿಗೆ ತಂತಿ ಸುತ್ತಿ, ಕರೆಂಟು ಹರಿಸಿ, ಅದರಿಂದ ಭಾರ ಎತ್ತಿ ತೋರಿಸಿದ. ಕರೆಂಟು ನಿಂತರೆ ಭಾರ ಧೊಪ್ಪನೆ ಕೆಳಗೆ. ವಯಸ್ಸಾದ ಮೇಲೆ ಇದೇ ಮ್ಯಾಂಚೆಸ್ಟರಿನ ಸುತ್ತಮುತ್ತಲ ಊರುಗಳಿಗೆ ತನ್ನ ಉಪಕರಣಗಳನ್ನು ಹೊತ್ತುಕೊಂಡು ಹೋಗಿ, ಭಾಷಣ ಮಾಡಿ ಹೊಟ್ಟೆ ಹೊರೆದ. ಕೇಳಲು ಎಷ್ಟು ಜನ ಬರುತ್ತಿದ್ದರೋ ಎಂಬುದೇ ನನ್ನ ಚಿಂತೆ. ಅವನ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಮ್ಮ ಕೂಟದ ಆ ಶನಿವಾರ ಅದನ್ನು ಯಾರೂ ಕೇಳಲಿಲ್ಲ, ಆ ಸಿಟ್ಟು ಇನ್ನೂ ಇದೆ.

ದಪ್ಪ ಮೊಳೆಗೆ ತಂತಿ ಸುತ್ತಿ, ಒಂದು ಬ್ಯಾಟರಿ, ಒಂದು ಡಬ್ಬಿ ಗುಂಡುಸೂಜಿ ಹಿಡಿದು ಹೋದೆ. ಮೂರು ಗಂಟೆಗೆ ಸಭಾಂಗಣದಲ್ಲಿ ನನ್ನ ಜೊತೆ ಇದ್ದದ್ದು ಸಾಲು ಸಾಲು ಕುರ್ಚಿಗಳು ಮತ್ತು ಬೀಗದ ಕೈ ಇಟ್ಟುಕೊಂಡಿದ್ದ ಇಂಗ್ಲಿಷ್ ಕೇರ್‌ಟೇಕರ್. ಮಾತು ಗಂಟಲವರೆಗೆ ಬಂದು ಕೂತಿತ್ತು. ಅಭ್ಯಾಸ ಎಂಬ ನೆಪದಲ್ಲಿ ಶುರುಮಾಡಿಯೇಬಿಟ್ಟೆ, ಅಚ್ಚ ಕನ್ನಡದಲ್ಲಿ. ಅವನು ಪೊರಕೆಯನ್ನು ಗೋಡೆಗೊರಗಿಸಿ ಮುಂದಿನ ಸಾಲಿನಲ್ಲಿ ಕೂತ. ಸೂಜಿಗಳು ಮೊಳೆಗೆ ಹಾರಿ ಅಂಟಿಕೊಂಡಾಗ, "ಡೂ ದಟ್ ಅಗೇನ್, ಮೇಟ್" ಎಂದ. ಮಾಡಿದೆ. ಮತ್ತೆ ಎಂದ. ಮತ್ತೆ ಮಾಡಿದೆ. ಇನ್ನೊಮ್ಮೆ ಎಂದು ನನ್ನನ್ನು ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. ನಿಜ ಹೇಳಬೇಕೆಂದರೆ, ಕಣ್ಣು ತುಂಬಿ ಬಂತು.

ನಾಲ್ಕೂವರೆಗೆ ಜನ ಬಂದರು. "ಈಗ ಸರ್ ಒಂದು ಮ್ಯಾಜಿಕ್ ತೋರಿಸ್ತಾರೆ" ಎಂದು ಶುಭಾ ಘೋಷಿಸಿದರು. ತಂತಿ ಜೋಡಿಸಿದೆ. ಒಂದು ಸೂಜಿಯೂ ಅಲುಗಲಿಲ್ಲ. ಅಷ್ಟು ಸಲ ಮಾಡಿ ತೋರಿಸಿದ್ದಕ್ಕೆ ಬ್ಯಾಟರಿ ಪ್ರಾಣ ಬಿಟ್ಟಿತ್ತು. "ಈಸ್ ಇಟ್ ಓವರ್?" ಎಂದಳು ಒಬ್ಬ ಪುಟ್ಟಿ. "ಶ್, ಪಾಪ ಅಂಕಲ್" ಎಂದರು ಅವಳಮ್ಮ. ಹಿಂದಿನಿಂದ ಕೇರ್‌ಟೇಕರ್ ಎದ್ದು ನಿಂತು, "ಇಟ್ ಡಸ್ ವರ್ಕ್, ಐ ಸಾ ಇಟ್" ಎಂದು ಸಾಕ್ಷಿ ನುಡಿದ. ಅಷ್ಟರಲ್ಲಿ ಉಪ್ಪಿಟ್ಟಿನ ವಾಸನೆ ಬಂತು, ಸಭೆ ಎದ್ದಿತು.

ತಟ್ಟೆ ಕೊಡುತ್ತಾ ಶುಭಾ ನಕ್ಕರು. "ಏನ್ ಸರ್, ನಮ್ಮಲ್ಲಿ ಮೂರು ಅಂದ್ರೆ ನಾಲ್ಕೂವರೆ ಅಲ್ವಾ? ನೀವು ಪೂರ್ತಿ ಇಂಗ್ಲಿಷ್‌ನೋರೇ ಆಗ್ಬಿಟ್ರಿ." ನಾನೂ ಶಿಸ್ತಿನ ಮನುಷ್ಯನಂತೆ ಮುಗುಳ್ನಕ್ಕು ತಟ್ಟೆ ಹಿಡಿದೆ. ಮೂರು ಎಂದರೆ ನಾಲ್ಕೂವರೆ ಎಂದು ನನಗೂ ಚೆನ್ನಾಗಿ ಗೊತ್ತಿತ್ತು. ನಾನು ಅಲ್ಲಿಗೆ ಬಂದು ಕೂತದ್ದು ಎರಡು ಗಂಟೆಗೆ.