ಚಿಕ್ಕಪ್ಪನ ಬೇಸ್ ಗಿಟಾರೂ ನನ್ನ ಶುದ್ಧೀಕರಣ ಕಾಂಡವೂ

"ಬರುವ ಮಳೆಗಾಲದ ಮೊದಲ ಹನಿ ಬೀಳುವುದರೊಳಗೆ ಈ ಪ್ರಾರ್ಥನಾ ಮಂದಿರದ ಛಾವಣಿಯನ್ನು ಹೊಸದಾಗಿ ಹೊದಿಸಿಕೊಡುವ ಹೊಣೆ ನನ್ನದು! ಯಾರೂ ಬಿಡಿಗಾಸನ್ನೂ ಕೊಡಬೇಕಾಗಿಲ್ಲ!"

ಹೀಗೆಂದು ನಾನು ಘೋಷಿಸಿದ್ದು ಯಾರದೋ ಕಿವಿಯಲ್ಲಿ ಗುಟ್ಟಾಗಿ ಅಲ್ಲ. ಭಾನುವಾರದ ಬೆಳಗಿನ ಪ್ರಾರ್ಥನೆಯಲ್ಲಿ, ಪ್ರವಚನ ಪೀಠದ ಮೇಲೆ ನಿಂತು, ಬಲಗೈಯನ್ನು ಸೋರುವ ಛಾವಣಿಯ ಕಡೆಗೆ ಎತ್ತಿ, ನೂರಾ ನಲವತ್ತು ಜನರ ಸಮಕ್ಷಮದಲ್ಲಿ! ಚಪ್ಪಾಳೆ ಮೊಳಗಿತು. ಮಂದಿರದ ಖಜಾಂಚಿಗಳು ಕಣ್ಣೊರೆಸಿಕೊಂಡರು. ಮರುಕ್ಷಣವೇ ಜೇಬಿನಿಂದ ಪುಸ್ತಕ ತೆಗೆದು ನನ್ನ ಮಾತನ್ನು ತಾರೀಖಿನ ಸಮೇತ ಬರೆದುಕೊಂಡರು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನ್ನ ಮನೆಯಾಕೆ ಮಾತ್ರ, ಇನ್ನೇನು ಉಕ್ಕಿ ಒಲೆಯ ಮೇಲೆ ಚೆಲ್ಲಲಿರುವ ಹಾಲನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದಳು.

ನನ್ನ ಈ ಧೈರ್ಯದ ಮೂಲವು ನಮ್ಮ ಮನೆಯ ಕಪಾಟಿನ ಮೇಲೆ ಉದ್ದಕ್ಕೆ ಮಲಗಿತ್ತು. ಅದೇ ನನ್ನ ಚಿಕ್ಕಪ್ಪನ ಬೇಸ್ ಗಿಟಾರ್.

ನಮ್ಮ ವಂಶದಲ್ಲಿ ಎಲ್ಲರೂ ಬೇಗ ಮಲಗಿ ಬೇಗ ಏಳುವವರು. ಚಿಕ್ಕಪ್ಪ ಒಬ್ಬರೇ ಹಡಗುಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ ಬ್ಯಾಂಡಿನ ಜೊತೆ ಗಿಟಾರ್ ನುಡಿಸಿ ಬದುಕಿದವರು. ಮನೆಯ ಹಿರಿಯರು ಅವರ ಸುದ್ದಿ ಬಂದರೆ ದನಿ ತಗ್ಗಿಸುತ್ತಿದ್ದರು. ಆದರೆ ಆ ಪುಣ್ಯಾತ್ಮರು ಮುಪ್ಪಿನಲ್ಲಿ ಪ್ರತಿ ಭಾನುವಾರ ನನ್ನ ಪ್ರವಚನಕ್ಕೆ ಬಂದು, ಕಡೆಯ ಬೆಂಚಿನಲ್ಲಿ ಕುಳಿತು, ಪಾದದಿಂದ ನೆಲಕ್ಕೆ ಮೆಲ್ಲಗೆ ತಾಳ ಹಾಕುತ್ತಿದ್ದರು. ನನ್ನ ಮಾತು ತಾಳ ತಪ್ಪಿದರೆ ಪಾದ ನಿಂತುಬಿಡುತ್ತಿತ್ತು! ಎಂಬತ್ತನಾಲ್ಕು ತುಂಬಿ ನೆಮ್ಮದಿಯಿಂದ ಭಗವಂತನ ಪಾದ ಸೇರಿದಾಗ, ಗಿಟಾರಿನ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿದ್ದರು: "ನಮ್ಮ ಪ್ರವಚನಕಾರನಿಗೆ. ಇಷ್ಟು ದಿನ ನಾನು ಅವನದ್ದು ಕೇಳಿದೆ. ಇನ್ನು ಅವನು ಇದರದ್ದು ಕೇಳಲಿ."

ವಾರದ ಉಳಿದ ಆರು ದಿನ ನಾನು ಅಂಚೆ ಕಚೇರಿಯ ಗುಮಾಸ್ತ. ಮೂವತ್ತು ವರ್ಷಗಳಿಂದ ಲಕೋಟೆಗಳ ಮೇಲೆ ತಾರೀಖಿನ ಮುದ್ರೆ ಒತ್ತಿದ ಕೈ ಇದು. ಪಾರ್ಸೆಲ್ ಕಳಿಸಲು ಬಂದಿದ್ದ ಒಬ್ಬ ಸಂಗೀತಗಾರನ ಬಳಿ ಗಿಟಾರಿನ ಸಂಗತಿ ಎತ್ತಿದೆ. "ಅರವತ್ತರ ದಶಕದ್ದಾ? ಸಾರ್, ಅದು ಗಿಟಾರ್ ಅಲ್ಲ, ನಿಧಿ!" ಎಂದ. ಅಷ್ಟೇ ಸಾಕಾಯಿತು! ಮರುದಿನವೇ ಭಾನುವಾರ, ಮರುದಿನವೇ ಘೋಷಣೆ.

ಮನೆಗೆ ಬಂದೊಡನೆ ನನ್ನಾಕೆ ಕೇಳಿದಳು: "ಅಲ್ಲಾ ರೀ, ಅದು ಎಷ್ಟು ಹಳೇದು, ಎಷ್ಟಕ್ಕೆ ಹೋಗುತ್ತೆ, ಯಾರನ್ನಾದ್ರೂ ಕೇಳಿದ್ರಾ?"

"ತೋರಿಸೋಣ. ಮೊದಲು ಅದನ್ನು ತೋರಿಸುವ ಸ್ಥಿತಿಗೆ ತರಬೇಡವೇ? ಧೂಳು, ಜಿಡ್ಡು, ಕಿಲುಬು! ಶುದ್ಧಿಯಿಲ್ಲದೆ ಸಿದ್ಧಿಯುಂಟೇ?"

"ಹಾಗೇ ತೋರಿಸಿ, ಸುಮ್ಮನೆ ಕೈ ಹಚ್ಚಬೇಡಿ. ನಿಮ್ಮ ಕೈಗೆ ಹೋದದ್ದು ಪೂರ್ತಿ ಬಂದದ್ದನ್ನ ನಾನು ನೋಡಿಲ್ಲ."

ಇಲ್ಲಿ ನಮ್ಮ ಸಂಸಾರದ ಒಂದು ತಾತ್ತ್ವಿಕ ಭಿನ್ನಾಭಿಪ್ರಾಯವನ್ನು ನಿವೇದಿಸಬೇಕು. ನಾನು ವಿಸರ್ಜನೆಯ ಪಂಥದವನು. ಬೇಡವಾದದ್ದನ್ನು ಬಿಸುಟು ಹಗುರಾಗಬೇಕೆಂಬವನು. ಆಕೆ ಸಂಗ್ರಹದ ಪಂಥದವಳು. ಮುರಿದ ಹಿಡಿಕೆ, ಒಂಟಿ ಗುಂಡಿ, ತಲೆ ಸವೆದ ಸ್ಕ್ರೂ, ಎಲ್ಲವೂ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದರಲ್ಲಿ, ಕಾಗದದಲ್ಲಿ ಸುತ್ತಿ, ಇಂಥ ದಿನ ಇಂಥ ವಸ್ತುವಿನಿಂದ ಬಂದದ್ದು ಎಂದು ಚೀಟಿ ಬರೆದು ಭದ್ರ! ಆ ಡಬ್ಬಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಹಿಂದಿನ ತಿಂಗಳು 'ಸಂಗ್ರಹವೆಂಬ ಸಂಕೋಲೆ' ಎಂಬ ಉಗ್ರ ಪ್ರವಚನವನ್ನು ಮಾಡಿದ್ದೆ. ಕಣ್ಣು ಮೂರನೆಯ ಸಾಲಿನ ಮೇಲೆಯೇ ಇತ್ತು. ಪ್ರವಚನ ಮುಗಿದ ಮೇಲೆ, ನುಡಿದಂತೆ ನಡೆಯಬೇಕಲ್ಲ ಎಂದು, ಅದರ ಟಿಪ್ಪಣಿಯ ಹಾಳೆಗಳನ್ನೂ ಮನೆಯ ಕಸದ ಬುಟ್ಟಿಗೆ ಹಾಕಿ ಧನ್ಯನಾಗಿದ್ದೆ!

ಸೋಮವಾರ ರಜೆ ಹಾಕಿ ಶುದ್ಧೀಕರಣ ಕಾಂಡವನ್ನು ಆರಂಭಿಸಿದೆ.

ಮೊದಲ ಬಲಿ ತಂತಿಗಳು. ಕಪ್ಪಾಗಿ, ಮಂಕಾಗಿ, ಹಗ್ಗದಷ್ಟು ದಪ್ಪವಾಗಿದ್ದ ನಾಲ್ಕು ತಂತಿಗಳನ್ನು ಕಿತ್ತು ಬುಟ್ಟಿಗೆಸೆದು, ಫಳಫಳ ಹೊಳೆಯುವ ಹೊಸ ತಂತಿಗಳನ್ನು ತಂದಿಟ್ಟುಕೊಂಡೆ. ಆಮೇಲೆ ಗಿಟಾರಿನ ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಒಡಲಿನಿಂದ ಕುತ್ತಿಗೆ ಕಳಚಿ ಕೈಗೆ ಬಂತು. ಅದರ ಬುಡದಲ್ಲಿ ನೋಡುತ್ತೇನೆ, ಸೀಸದ ಕಡ್ಡಿಯಲ್ಲಿ ಏನೋ ಗೀಚಿದೆ! ಎರಡಕ್ಷರ, ನಾಲ್ಕಾರು ಅಂಕಿ.

"ನೋಡು, ನೋಡು! ಚಿಕ್ಕಪ್ಪನವರ ಪವಿತ್ರ ವಾದ್ಯದ ಮೇಲೆ ಯಾವನೋ ಕಿಡಿಗೇಡಿ ತನ್ನ ಅಗಸರ ಲೆಕ್ಕ ಬರೆದಿದ್ದಾನೆ!"

"ಏನು ಬರೆದಿದೆ, ಓದ್ರೀ," ಎಂದಳು ಅಡುಗೆಮನೆಯಿಂದ.

"ಓದುವಂಥದ್ದೇನಿಲ್ಲ!" ಎಂದು ರಬ್ಬರ್ ತೆಗೆದುಕೊಂಡು, ಹಾಡು ಗುನುಗುತ್ತ, ಒಂದು ಗೆರೆಯೂ ಉಳಿಯದಂತೆ ಉಜ್ಜಿ, ಕುತ್ತಿಗೆಯನ್ನು ಮತ್ತೆ ಬಿಗಿದುಬಿಟ್ಟೆ. ಮೂವತ್ತು ವರ್ಷ ತಾರೀಖಿನ ಮುದ್ರೆ ಒತ್ತಿದ ಕೈ, ನೆನಪಿಡಿ!

ಮಂಗಳವಾರ ನಮ್ಮ ಬೀದಿಯ ರೇಡಿಯೋ ರಿಪೇರಿಯವನನ್ನು ಕರೆಸಿದೆ. ಶಬ್ದ ಏರಿಳಿಸುವ ಮೂರು ಗುಂಡಿಗಳನ್ನು ತಿರುಗಿಸಿದರೆ ಗರಗರ ಎನ್ನುತ್ತಿದ್ದವು. ಆತ ಮುಂಭಾಗದ ತಗಡನ್ನು ಬಿಚ್ಚಿ, ಗುಂಡಿಗಳ ಅಡಿಯಲ್ಲಿದ್ದ ಮೂರು ಹಳೆಯ ಕಂಟ್ರೋಲುಗಳನ್ನು ಕತ್ತರಿಸಿ ತೆಗೆದು, ಹೊಸವನ್ನು ಬೆಸೆದುಕೊಟ್ಟ. "ಹಳೇವು ಬೇಕಾ ಸಾರ್?" ಎಂದ. ನಾನು ನಕ್ಕೆ! ಸಂಗ್ರಹವೆಂಬ ಸಂಕೋಲೆಯ ಕರ್ತೃವನ್ನು ಹೀಗೂ ಕೇಳುವುದುಂಟೇ! ಮೂರೂ ಬುಟ್ಟಿಗೆ ಬಿದ್ದವು.

ಉಳಿದದ್ದು ಬಣ್ಣ. ಚಿಕ್ಕಪ್ಪನ ಮೊಣಕೈ ಉಜ್ಜಿ ಉಜ್ಜಿ ಒಂದು ಕಡೆ ಬಣ್ಣವೆಲ್ಲ ಸವೆದು ಮರ ಕಾಣುತ್ತಿತ್ತು. ಪೂರ್ತಿ ಉಪ್ಪುಕಾಗದದಲ್ಲಿ ತಿಕ್ಕಿ, ಮಂದಿರದ ಬಾಗಿಲಿಗೆ ಬಳಿದು ಮಿಕ್ಕಿದ್ದ ಬಿಳಿಯ ಬಣ್ಣವನ್ನು ಹಚ್ಚುವುದೆಂದು ನಿಶ್ಚಯಿಸಿದೆ. ಆದರೆ ಉಪ್ಪುಕಾಗದವೇ ಕಾಣೆ! ಮೂರು ದಿನ ಮನೆಯೆಲ್ಲ ಜಾಲಾಡಿದೆ.

"ನೀನೇನಾದರೂ ಕಂಡೆಯಾ?"

"ನಾನ್ಯಾಕೆ ನೋಡ್ಲಿ? ಸಂಗ್ರಹ ಮಾಡಬಾರದು ಅಂತ ನೀವೇ ಹೇಳಿದ್ರಲ್ಲ!"

ಹುಡುಕುವಷ್ಟರಲ್ಲಿ ಶನಿವಾರ ಬಂತು. ನಾನು ಹೇಳಿಕಳಿಸಿದ್ದ ಬೆಲೆ ಕಟ್ಟುವವರೂ ಬಂದರು. ಊರಿನ ವಾದ್ಯಗಳಿಗೆಲ್ಲ ವೈದ್ಯರಾದ, ಎಲ್ಲರೂ 'ತಂತಿ ತಾತ' ಎಂದೇ ಕರೆಯುವ ಹಿರಿಯರು. ನಮ್ಮ ಊಟದ ಮೇಜಿನ ಮೇಲೆ ಗಿಟಾರನ್ನು ಮಲಗಿಸಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರು. ಬಣ್ಣ ಸವೆದ ಜಾಗವನ್ನು ಮಗುವಿನ ಕೆನ್ನೆಯಂತೆ ಸವರಿದರು.

"ಆಹಾ! ಮೂಲದ ಬಣ್ಣ! ಯಾರೂ ಮುಟ್ಟಿಲ್ಲ. ಇದನ್ನ ತಿಕ್ಕಿದ್ರೆ ಅರ್ಧ ಬೆಲೆ ಅಲ್ಲೇ ಹೋಗ್ತಿತ್ತು. ನೀವು ತಿಳಿದವರು ಸ್ವಾಮಿ!"

ನಾನು ವಿನಯದಿಂದ ತಲೆ ಬಾಗಿದೆ. ನನ್ನಾಕೆ ಕೆಮ್ಮಿದಳು.

"ಈಗ ವಯಸ್ಸು ನೋಡೋಣ. ಬೆನ್ನಿನ ತಗಡಿನ ನಂಬರು ಅರವತ್ತಮೂರರಿಂದ ಅರವತ್ತಾರರ ಒಳಗೆ ಅನ್ನುತ್ತೆ, ಅಷ್ಟೇ. ಅರವತ್ತೈದರ ಶುರುವಿನಲ್ಲಿ ಇದನ್ನ ಮಾಡಿದ ಕಾರ್ಖಾನೆ ಬೇರೆಯವರ ಕೈಗೆ ಹೋಯ್ತು, ಕೆಲಸ ಕೆಡ್ತು. ಅದಕ್ಕೆ ಮುಂಚೆ ತಯಾರಾಗಿದ್ರೆ ನಿಮ್ಮ ಮಂದಿರದ ಛಾವಣಿ ಎರಡು ಸಲ ಹೊದಿಸಬಹುದು. ಆಮೇಲಿನದಾದ್ರೆ ನಾಲ್ಕು ತಗಡು ಬರುತ್ತೆ. ಚಿಂತೆ ಬೇಡ, ಕಟ್ಟಿದವನು ಕುತ್ತಿಗೆಯ ಬುಡದಲ್ಲಿ ಸೀಸದ ಕಡ್ಡೀಲಿ ತಾರೀಖು ಬರೆದಿರ್ತಾನೆ."

ನಾನು ಮೇಜಿನ ಅಂಚಿನಲ್ಲಿದ್ದ ರಬ್ಬರನ್ನು ಮೆಲ್ಲಗೆ ಜೇಬಿಗಿಳಿಸಿದೆ.

ತಾತ ಸ್ಕ್ರೂ ಬಿಚ್ಚಿದರು. ಮಸೂರ ಹತ್ತಿರ ತಂದರು. ದೂರ ಒಯ್ದರು. ಮತ್ತೆ ಹತ್ತಿರ ತಂದರು. "ಇಲ್ಲಿ ಯಾರೋ ರಬ್ಬರ್ ಹಾಕಿದ್ದಾರಲ್ಲ! ಯಾವ ಪಾಪಿ ಸ್ವಾಮಿ ಅವನು?"

ಪಾಪಿಗಳಿಗೆ ತಪ್ಪೊಪ್ಪಿಗೆಯ ಮಹತ್ತ್ವವನ್ನು ಇಪ್ಪತ್ತೆರಡು ವರ್ಷ ಬೋಧಿಸಿದವನು ನಾನು. ಅದು ಇಷ್ಟು ಕಷ್ಟವೆಂದು ಅಂದೇ ತಿಳಿದದ್ದು. "ನಾನೇ," ಎಂದೆ.

"ಏನಿತ್ತು ಅಂತಾದ್ರೂ ನೆನಪಿದೆಯಾ?"

"ಒಂದು ಮೂರು ಇತ್ತು... ಅಥವಾ ಎಂಟೋ..."

"ಇವ್ರು ಉಜ್ಜಿದ ರಬ್ಬರಿನ ಹಿಟ್ಟನ್ನ ಮಾತ್ರ ನಾನು ಗುಡಿಸಿಬಿಟ್ಟೆ ತಾತ, ತಪ್ಪಾಯ್ತು," ಎಂದಳು ನನ್ನಾಕೆ.

ತಾತ ನಿಟ್ಟುಸಿರಿಟ್ಟರು. "ಹೋಗಲಿ, ಒಳಗಿನ ಕಂಟ್ರೋಲುಗಳ ಬೆನ್ನ ಮೇಲೆ ಅಂಕಿ ಒತ್ತಿರ್ತಾರೆ. ಅದರಲ್ಲಿ ವರ್ಷವೂ ವಾರವೂ ಇರುತ್ತೆ." ತಗಡು ಬಿಚ್ಚಿದರು. ಒಳಗೆ ಮಂಗಳವಾರವಷ್ಟೇ ಹುಟ್ಟಿದ ಮೂರು ಹಸುಗೂಸುಗಳು ಹೊಳೆಯುತ್ತಿದ್ದವು! ತಾತ ಕಣ್ಣಿನ ಮಸೂರ ತೆಗೆದರು. ನನ್ನನ್ನು ನೋಡಿದರು, ಅಷ್ಟೇ. ನೂರಾ ನಲವತ್ತು ಜನ ನನ್ನೆದುರು ಕೊಡೆ ಬಿಚ್ಚಿ ಪ್ರಾರ್ಥನೆಗೆ ಕುಳಿತಿರುವ ದೃಶ್ಯ ಕಣ್ಣ ಮುಂದೆ ಬಂತು. ಖಜಾಂಚಿಗಳ ಪುಸ್ತಕವೂ ಬಂತು.

"ಹಳೇ ತಂತಿಯಾದ್ರೂ ಇದೆಯಾ?" ಎಂದರು ತಾತ, ಆಸೆಯೇ ಇಲ್ಲದ ದನಿಯಲ್ಲಿ.

ನನ್ನಾಕೆ ಅಡುಗೆಮನೆಯ ಕಿಟಕಿಯ ಕಡೆ ಬೆರಳು ತೋರಿಸಿದಳು. ಅಲ್ಲಿ ಹೂವಿನ ಪರದೆ ತೂಗುತ್ತಿತ್ತು. ಪರದೆ ತೂಗುತ್ತಿದ್ದದ್ದು ಚಿಕ್ಕಪ್ಪನ ಅತಿ ದಪ್ಪನೆಯ ತಂತಿಯ ಮೇಲೆ! ತಾತ ಎದ್ದು ಹೋಗಿ, ಪರದೆಯನ್ನು ಪಕ್ಕಕ್ಕೆ ಸರಿಸಿ, ಬೆರಳಿನಿಂದ ಮೀಟಿದರು. 'ಝೂಂ' ಎಂದಿತು. ಪಾತ್ರೆಗಳು ನಡುಗಿದವು, ತಾತನ ಮುಖ ಅರಳಿತು.

"ಉಳಿದ ಮೂರು ಡಬ್ಬಿಯಲ್ಲಿವೆ," ಎಂದು ಆಕೆ ಒಳಗೆ ಹೋದಳು.

ಬಂತು ಡಬ್ಬಿ! ನನ್ನ ಉಗ್ರ ಪ್ರವಚನದ ಗುರಿಯಾದ ಅದೇ ಬಿಸ್ಕತ್ತಿನ ಡಬ್ಬಿ! ಮೇಲುಗಡೆ ನನ್ನ ಉಪ್ಪುಕಾಗದ, ಮಡಿಸಿ ಇಟ್ಟದ್ದು. ಅದರ ಕೆಳಗೆ ತಂತಿಗಳು. ತಳದಲ್ಲಿ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದರೆ ಮೂರೂ ಹಳೆಯ ಕಂಟ್ರೋಲುಗಳು! ನಾನು ಭಗವಂತನನ್ನು ಗಟ್ಟಿಯಾಗಿ ಸ್ಮರಿಸಿದೆ. ತಾತ ಒಂದೊಂದರ ಬೆನ್ನನ್ನೂ ಮಸೂರದಲ್ಲಿ ಓದಿದರು.

"ಮೊದಲ ಮೂರಂಕಿ ಮಾಡಿದವರ ಗುರುತು. ಆಮೇಲೆ ಆರು, ನಾಲ್ಕು... ಒಂದು, ಎಂಟು. ಅರವತ್ತನಾಲ್ಕನೇ ಇಸವಿ, ಹದಿನೆಂಟನೇ ವಾರ! ಮೂರೂ ಒಂದೇ ವಾರದವು. ಬೆನ್ನಿನ ನಂಬರಿಗೂ ಹೊಂದುತ್ತೆ. ಕಾರ್ಖಾನೆ ಕೈ ಬದಲಾಗೋಕೆ ಮುಂಚಿನದೇ ತಾಯಿ!" ಎಂದರು. ಗಮನಿಸಿ, 'ಸ್ವಾಮಿ' ಎನ್ನಲಿಲ್ಲ!

"ಛಾವಣಿ?" ಎಂದೆ.

"ನೀವು ಕೈ ಕಟ್ಟಿ ಕೂತಿದ್ರೆ ಎರಡು ಛಾವಣಿ. ಸೀಸದ ಬರಹ ಹೋಯ್ತು, ಮೂಲದ ಬೆಸುಗೆ ಹೋಯ್ತು, ಅದಕ್ಕೆ ಒಂದು ಛಾವಣಿ ಕಳೀರಿ. ಒಂದು ಉಳಿಯಿತು."

ಒಂದೇ ಸಾಕು! ನಾನು ತಾತನ ಎರಡೂ ಕೈ ಹಿಡಿದು ಕುಲುಕಿದೆ. ಆದರೆ ತಾತ ಹುಬ್ಬು ಗಂಟಿಕ್ಕಿದರು. "ಒಂದು ತೊಡಕಿದೆ. ಈ ಬಿಡಿಭಾಗ ಈ ಗಿಟಾರಿನದೇ ಅಂತ ಕೊಳ್ಳುವವನು ನಂಬಬೇಕಲ್ಲ? ಬರಹದಲ್ಲಿ ಏನಾದ್ರೂ ಇದ್ದಿದ್ರೆ..."

"ಪೊಟ್ಟಣದ ಮೇಲೆ ನೋಡಿ," ಎಂದಳು ನನ್ನಾಕೆ.

ತಾತ ಕಾಗದವನ್ನು ಸವರಿ ನೇರ ಮಾಡಿದರು. ಆಕೆಯ ದುಂಡು ಅಕ್ಷರದಲ್ಲಿ ಹೀಗಿತ್ತು: "ಚಿಕ್ಕಮಾವನವರ ಗಿಟಾರಿನ ಹೊಟ್ಟೆಯಿಂದ ಬಂದ ಮೂರು ಸಾಮಾನು. ರೇಡಿಯೋ ರಿಪೇರಿಯವರು ಕತ್ತರಿಸಿದ್ದು, ಇವರು ಬಿಸಾಡಿದ್ದು, ನಾನು ಎತ್ತಿಟ್ಟದ್ದು. ಮಂಗಳವಾರ." ಕೆಳಗೆ ತಿಂಗಳು, ತಾರೀಖು. ಅದರ ಕೆಳಗೆ, ಭಗವಂತಾ, ರಿಪೇರಿಯವನ ರುಜು!

"ಇದಪ್ಪಾ ದಾಖಲೆ!" ಎಂದು ತಾತ ಮೇಜು ಕುಟ್ಟಿದರು. "ಈ ಮನೇಲಿ ತಾರೀಖಿನ ಬೆಲೆ ಗೊತ್ತಿರೋರು ಒಬ್ಬರಾದ್ರೂ ಇದ್ದೀರಲ್ಲ! ಈ ಹಾಳೆ ಗಿಟಾರಿನ ಜೊತೆ ಪೆಟ್ಟಿಗೆಯೊಳಗೇ ಇರಬೇಕು. ಯಾರ ಕೈಗೆ ಹೋದ್ರೂ ಇದೂ ಹೋಗಬೇಕು." ಹಾಗೆನ್ನುತ್ತ ಹಾಳೆಯನ್ನು ಮಗುಚಿದರು. ಗಟ್ಟಿಯಾಗಿ ಓದತೊಡಗಿದರು: "'ಸಂಗ್ರಹವೆಂಬ ಸಂಕೋಲೆ. ಪ್ರಿಯ ಬಂಧುಗಳೇ! ಒಂದು ವರ್ಷ ಕೈ ಮುಟ್ಟದ ವಸ್ತುವನ್ನು ಮನೆಯಿಂದ ಹೊರಗೆ ಎಸೆಯಿರಿ! ಹಳೆಯ ಡಬ್ಬಿಗಳಲ್ಲಿ ಯಾರೂ ಮೋಕ್ಷವನ್ನು ಕಂಡಿಲ್ಲ!' ಯಾರದು ಸ್ವಾಮಿ ಈ ಬರಹ?"

ನಾನು ಪರದೆಯ ತಂತಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ. ಆದರೂ ಎದೆಯೊಳಗೆ ಒಂದು ತಂಪು ಹರಿಯಿತು. ತನ್ನನ್ನೇ ಬೈದ ಪ್ರವಚನವನ್ನೂ ಬುಟ್ಟಿಯಿಂದೆತ್ತಿ ಜೋಪಾನ ಮಾಡಿದ್ದಾಳಲ್ಲ ನನ್ನ ಒಲವಿನ ಸಹಧರ್ಮಿಣಿ!

"ನನ್ನ ಪ್ರವಚನವನ್ನೂ ಎತ್ತಿಟ್ಟುಕೊಂಡೆಯಾ?" ಎಂದೆ, ಆಕೆಯತ್ತ ಒಂದು ಹೆಜ್ಜೆ ಇಟ್ಟು.

"ಹಿಂಬದಿ ಖಾಲಿ ಇತ್ತಲ್ಲಾ ರೀ," ಎಂದಳು ಆಕೆ, ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕುತ್ತ. "ನೋಡಿ, ಇಪ್ಪತ್ತೆರಡು ವರ್ಷದಲ್ಲಿ ಬೆಲೆ ಬಂದ ಪ್ರವಚನ ಇದೊಂದೇ. ಅದೂ ಹಿಂಬದಿಗೆ!"