೨೧೪ನೇ ನಂಬರಿನ ಬಾಕಿ ಇಪ್ಪತ್ತು ಹೆಜ್ಜೆ

ಕನಕಪುರ ಮಾಗಿ ಓಟ ಸ್ವಾಗತ ಸಮಿತಿಯ ಗೌರವಾಧ್ಯಕ್ಷರಾದ ಶ್ರೀ ರುದ್ರಪ್ರಸಾದ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ದೊಡ್ಡಆಲಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಸರ್ವಮಂಗಳ ಮಾಡುವ ಶರಣು ಶರಣಾರ್ಥಿಗಳು. ತಾವೂ ತಮ್ಮ ಹದಿನೇಳು ಮಂದಿ ಉಪಾಧ್ಯಕ್ಷರೂ ಈ ಚಳಿಯಲ್ಲಿ ನೆಗಡಿ ಕೆಮ್ಮು ಇಲ್ಲದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬದಿರಲು ಕಾರಣವೂ ಇಲ್ಲ. ಓಟದ ದಿನ ತಮ್ಮೆಲ್ಲರ ಮೈಮೇಲಿದ್ದ ಉಣ್ಣೆಬಟ್ಟೆಯನ್ನು ಒಂದೂಮುಕ್ಕಾಲು ಗಂಟೆ ನಿಂತು ಕಣ್ತುಂಬ ನೋಡಿದವಳು ನಾನು.

ಆ ಭಾನುವಾರ ತಾವು ಏರ್ಪಡಿಸಿದ್ದ ಹತ್ತು ಕಿಲೋಮೀಟರ್ ಓಟದಲ್ಲಿ, ಐವತ್ತು ದಾಟಿದ ಹೆಂಗಸರ ವಿಭಾಗದಲ್ಲಿ, ೨೧೪ನೇ ನಂಬರಿನವಳಾಗಿ ನಾನು ಓಡಿದೆ. ತಾವು ಹೊರಡಿಸಿದ ಪಟ್ಟಿಯಲ್ಲಿ ೨೧೪ರ ಮುಂದೆ 'ಗುರಿ ಮುಟ್ಟಿಲ್ಲ' ಎಂದಿದೆ. ನನ್ನ ದೂರು ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ತಮ್ಮ ಉಪಕಾರಗಳನ್ನು ಮರೆತ ಹಾಗಾಗುತ್ತದೆ, ಆದ್ದರಿಂದ ಮೊದಲಿನಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಗಾಬರಿ ಬೇಡ, ತಮ್ಮ ಸ್ವಾಗತ ಭಾಷಣದಷ್ಟು ಉದ್ದ ಖಂಡಿತ ಆಗುವುದಿಲ್ಲ.

ಆರು ಗಂಟೆಗೆ ಓಟ, ಐದೂಕಾಲಿಗೇ ಮೈದಾನದಲ್ಲಿರಬೇಕು ಎಂದು ತಾವು ಅಪ್ಪಣೆ ಮಾಡಿದ್ದರಿಂದ, ಮಗಳು ಸೌಮ್ಯಶ್ರೀಯ ಸ್ಕೂಟಿಯಲ್ಲಿ ನಡುಗುತ್ತಾ ಬಂದು ಐದಕ್ಕೇ ನಿಂತೆ. ಮಂಜು ಎಷ್ಟಿತ್ತೆಂದರೆ, ಪಕ್ಕದಲ್ಲಿರುವುದು ಗಂಡಸೋ ಹೆಂಗಸೋ ಎಂಬುದು ಅವರು ಕೆಮ್ಮಿದ ಮೇಲೆ ತಿಳಿಯುತ್ತಿತ್ತು. ಅಷ್ಟರಲ್ಲಿ ತಮ್ಮ ಕಾರ್ಯಕರ್ತರು ಬಂದು, ಫೋಟೋದಲ್ಲಿ ಪ್ರಾಯೋಜಕರ ಹೆಸರು ಕಾಣಬೇಕಾದ್ದರಿಂದ ಎಲ್ಲರೂ ಸ್ವೆಟರು ಬಿಚ್ಚಿಕೊಡಬೇಕೆಂದು ಹೇಳಿ, ನಮ್ಮ ಸ್ವೆಟರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು ಪುಣ್ಯ ಕಟ್ಟಿಕೊಂಡರು. ಚಳಿ ಇಷ್ಟಾದರೆ ನಮ್ಮ ಹುಳುಮನೆಯಲ್ಲಿ ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತದೆಂದು ಕಿಟಕಿ ಮುಚ್ಚಿ ಕೆಂಡ ಇಡುತ್ತೇವೆ. ಹುಳುವೆಂದು ಹೆಸರು ನೋಂದಾಯಿಸದೆ ಓಟಗಾರ್ತಿಯೆಂದು ನೋಂದಾಯಿಸಿಕೊಂಡದ್ದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮುಖ್ಯ ಅತಿಥಿಗಳು ಏಳು ಗಂಟೆಗೆ ಬಂದರು ಅನ್ನುವುದನ್ನು ನಾನು ವಿಳಂಬ ಎಂದು ಕರೆಯಲಾರೆ. ಅಂಥ ಚಳಿಯಲ್ಲಿ ಯಾರು ತಾನೇ ಬೇಗ ಏಳುತ್ತಾರೆ? ದೀಪ ಹಚ್ಚಲು ಎರಡು ಬೆಂಕಿಪೊಟ್ಟಣ ಖರ್ಚಾಯಿತು, ಆ ಕಡ್ಡಿಗಳನ್ನು ನಮ್ಮ ಕಡೆ ಎಸೆದಿದ್ದರೆ ನಾವಾದರೂ ಒಸಿ ಕೈ ಕಾಯಿಸಿಕೊಳ್ಳುತ್ತಿದ್ದೆವು. ಆಮೇಲೆ ಸನ್ಮಾನ. ಬನಿಯನ್ನಿನಂಥ ಅಂಗಿಯಲ್ಲಿ ಮುನ್ನೂರು ಜನ ಹಲ್ಲು ಕಡಿಯುತ್ತಾ ಕೆಳಗೆ ನಿಂತಿದ್ದರೆ, ಮೇಲೆ ಸ್ವೆಟರಿನ ಮೇಲೆ ಕೋಟು ಹಾಕಿದ್ದ ಹನ್ನೊಂದು ಮಂದಿಗೆ ಒಬ್ಬೊಬ್ಬರಿಗೂ ಹೆಸರು ಕೂಗಿ ಶಾಲು ಹೊದಿಸಿದಿರಲ್ಲ, ಅಬ್ಬಬ್ಬಾ, ಬೆಚ್ಚಗಿರುವವರನ್ನು ಇನ್ನಷ್ಟು ಬೆಚ್ಚಗಿಡುವ ತಮ್ಮ ಕಕ್ಕುಲಾತಿ ಕಂಡು ನನ್ನ ಕಣ್ಣಲ್ಲಿ ನೀರೇ ಬಂತು. ಅದು ಗಾಳಿಗೆ ಬಂದದ್ದೆಂದು ಮಗಳು ಹೇಳುತ್ತಾಳೆ.

ಆ ಹನ್ನೊಂದರಲ್ಲಿ ಒಬ್ಬರು ಮಾತ್ರ ತಮ್ಮ ಸಮಿತಿಯ ಶಿಸ್ತು ಮುರಿದರು. ವ್ಯಾಯಾಮದ ಮೇಷ್ಟ್ರಾಗಿ ನಿವೃತ್ತರಾದ ಲಿಂಗಯ್ಯನವರು ವೇದಿಕೆಯಿಂದ ಇಳಿದು ಬಂದು, ತಾವು ಅವರಿಗೆ ಹೊದಿಸಿದ್ದ ಶಾಲನ್ನು ನನ್ನ ಹೆಗಲಿಗೆ ಹಾಕಿ, "ಹಲ್ಲು ಕಟಕಟ ಅಂತಾವಲ್ಲವ್ವ, ಹೊದ್ಕೊ, ಓಡೋವಾಗ ಬಿಸಾಕ್ಬುಡು" ಎಂದರು. ಆ ಗಳಿಗೆಯಲ್ಲೇ ಬಾವುಟ ಬೀಸಿದಿರಿ. ಹಿರಿಯರು ಪ್ರೀತಿಯಿಂದ ಹೊದಿಸಿದ್ದನ್ನು, ಅದೂ ಸನ್ಮಾನದ ಶಾಲನ್ನು, ಜನ ತುಳಿಯುವ ರಸ್ತೆಗೆ ಬಿಸಾಡಲು ನನ್ನ ಕೈ ಬರಲಿಲ್ಲ. ಎದೆಗೆ ಅಡ್ಡವಾಗಿ ಬಿಗಿದು ಗಂಟು ಹಾಕಿಕೊಂಡು ಓಡಿದೆ. ಎದೆಗೆ ಅಂಟಿಸಿದ್ದ ನಂಬರು ಅದರ ಕೆಳಗೆ ಸೇರಿಕೊಂಡಿತು.

ಸಂಗಮದ ರಸ್ತೆಯಲ್ಲಿ ಐದು ಕಿಲೋಮೀಟರ್ ಹೋಗಿ ತಿರುಗಿ ಬರುವುದರಲ್ಲಿ ನನಗೆ ಏನಾಯಿತೆಂದು ತಮಗೆ ಹೇಳಲೇಬೇಕು. ಮೊದಲ ಎರಡು ಕಿಲೋಮೀಟರ್ ಪಾದ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯದಷ್ಟು ಮರಗಟ್ಟಿತ್ತು, ಮೂಗು ಸೋರುತ್ತಿತ್ತು, ಉಸಿರೆಳೆದರೆ ಎದೆಯೊಳಗೆ ತಣ್ಣೀರು ಸುರಿದಂತಿತ್ತು. ಮೂರನೆಯದರಲ್ಲಿ ಬೆರಳಿಗೆ ಜೀವ ಬಂತು. ವಾಪಸು ಬರುವಾಗ, ಅಂಬುಜಮ್ಮ ಎಂಬ ನನ್ನದೇ ವಯಸ್ಸಿನವರು ಬೆನ್ನ ಹಿಂದೆಯೇ ಬರುತ್ತಿದ್ದರೂ, ನನ್ನನ್ನು ದಾಟಲು ಅವರಿಗೆ ಆಗಲಿಲ್ಲ. ಅಯ್ಯೋ ಶಿವನೇ, ಎಷ್ಟು ಖುಷಿಯಾಗಿತ್ತು ಗೊತ್ತೇ! ಮದುವೆಯಾದ ಮೇಲೆ ಅಷ್ಟು ಖುಷಿ ನನಗೆ ಆದದ್ದು ನೆನಪಿಲ್ಲ.

ಮೈದಾನದೊಳಗೆ ಬಂದು, ಸುಣ್ಣದ ಗೆರೆಗೆ ಇನ್ನು ಇಪ್ಪತ್ತೇ ಹೆಜ್ಜೆ ಇದ್ದಾಗ, ತಮ್ಮ ಕಾರ್ಯಕರ್ತರೊಬ್ಬರು ಶಾಲು ಕಂಡವರೇ ಓಡಿಬಂದು ಅಡ್ಡ ನಿಂತು ಕೈ ಮುಗಿದು, "ಮೇಡಂ, ಗೆಸ್ಟು ಈ ಕಡೆ ಬರ್ಬೇಕು" ಎಂದು ನನ್ನನ್ನು ಓಟದ ದಾರಿಯಿಂದ ಮರ್ಯಾದೆಯಾಗಿ ಎಳೆದುಕೊಂಡು ಹೋಗಿ ವೇದಿಕೆ ಹತ್ತಿಸಿದರು. ಓಡಿಬಂದ ಏದುಸಿರಿಗೆ ಮಾತು ಹೊರಡಲಿಲ್ಲ. ಕುರ್ಚಿ ಕೊಟ್ಟಿರಿ, ಕಾಫಿ ಕೊಟ್ಟಿರಿ, ಬರದೇ ಇದ್ದ ಮಹಿಳಾ ಮಂಡಳಿ ಅಧ್ಯಕ್ಷೆಯ ಹೆಸರಲ್ಲಿ ನನಗೆ ಇನ್ನೊಂದು ಶಾಲು ಹೊದಿಸಿದಿರಿ. ಕಷ್ಟಪಟ್ಟು "ನಾನು ಓಡಿದೀನಿ ಸ್ವಾಮಿ" ಎಂದೆ. ನಿರೂಪಕರು ತಕ್ಷಣ ಮೈಕು ಹಿಡಿದು, ಮಾನ್ಯ ಅಧ್ಯಕ್ಷೆಯವರೂ ಬಾಲ್ಯದಲ್ಲಿ ಓಡುತ್ತಿದ್ದರಂತೆ ಎಂದು ಸಾರಿ ಚಪ್ಪಾಳೆ ಹೊಡೆಸಿದರು.

ಐವತ್ತು ದಾಟಿದ ಹೆಂಗಸರ ಮೊದಲ ಪದಕವನ್ನು ಅಂಬುಜಮ್ಮನವರ ಕೊರಳಿಗೆ ನನ್ನ ಕೈಯಿಂದಲೇ ಹಾಕಿಸಿದಿರಿ. ಆ ತಾಯಿ ಬಗ್ಗಿದವರು ನನ್ನ ಮುಖ ನೋಡಿ, "ಅಕ್ಕ, ನೀನು ನನ್ ಮುಂದ್ಗಡೆ ಓಡ್ತಿದ್ದೋಳಲ್ವಾ?" ಎಂದು ಪಿಸುಗುಟ್ಟಿದರು. ಹೌದವ್ವ ಎಂದೆ. ಇಬ್ಬರೂ ಪೆಚ್ಚಾಗಿ ಫೋಟೋಕ್ಕೆ ನಿಂತೆವು.

ಇಷ್ಟಕ್ಕೆಲ್ಲ ಈ ಹೆಂಗಸು ಯಾಕೆ ಇಷ್ಟು ಬಡಿದುಕೊಳ್ಳುತ್ತಾಳೆ ಎಂದು ತಮಗೆ ಅನ್ನಿಸಬಹುದು. ಹುಳುವಿಗೆ ಹಗಲು ರಾತ್ರಿ ಸೊಪ್ಪು ಹಾಕುವವಳು ನಾನು, ಗೂಡು ಬಿಡಿಸುವವಳು ನಾನು. ಮಾರುಕಟ್ಟೆಯಲ್ಲಿ ಗೂಡು ಹರಾಜಾಗುವಾಗ ಕೂಗುವ ಹೆಸರು ನಮ್ಮ ಯಜಮಾನರದು. ತೋಟ ಮಾವನವರ ಹೆಸರಲ್ಲಿ, ಕೊಳವೆಬಾವಿ ಮೈದುನನ ಹೆಸರಲ್ಲಿ. ಯಾರ ಮೇಲೂ ಸಿಟ್ಟಿಲ್ಲ, ನಡೆದುಕೊಂಡು ಬಂದದ್ದು ಹಾಗೆ. ಆದರೆ ಐವತ್ತೊಂದು ವರ್ಷಕ್ಕೆ ನಾನೊಬ್ಬಳೇ ಮಾಡಿದ ಒಂದು ಕೆಲಸದ ಮುಂದೆ ನನ್ನ ಹೆಸರು ಅಚ್ಚಾಗಿರುವ ಒಂದು ಹಾಳೆ ಬೇಕಿತ್ತು. ಆರು ತಿಂಗಳು ನಸುಕಿನಲ್ಲಿ ಎದ್ದು ಓಡಿದ್ದು ಅದಕ್ಕೇ. ಪಟ್ಟಿ ನೋಡಿ ಅತ್ತುಬಿಟ್ಟೆ ಮಾರಾಯರೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಹುಳುಮನೆಯಲ್ಲಿ ಕೂತು ಅತ್ತೆ.

ಆದ್ದರಿಂದ ತಮ್ಮಲ್ಲಿ ಬೇಡುವುದೇನೆಂದರೆ, ಅದೇ ಮೈದಾನದಲ್ಲಿ ಅದೇ ಸುಣ್ಣದ ಗೆರೆಯನ್ನು ಇನ್ನೊಮ್ಮೆ ಎಳೆಸಿ, ನಂಬರು ಬರೆದುಕೊಳ್ಳುವವರನ್ನು ಐದು ನಿಮಿಷ ಕೂರಿಸಿ. ಬರುವ ಮಂಗಳವಾರ ಸಂಜೆ ನಾನು ಬಂದು ಬಾಕಿ ಇಪ್ಪತ್ತು ಹೆಜ್ಜೆ ಓಡಿ ಮುಗಿಸುತ್ತೇನೆ. ತಗಲಿದ ಸಮಯ ಇಪ್ಪತ್ಮೂರು ದಿನ, ಹತ್ತು ಗಂಟೆ ಎಂದೇ ಬರೆಯಿರಿ. ಲೋಕದಲ್ಲೇ ಅತಿ ನಿಧಾನವಾಗಿ ಓಡಿದವಳೆಂದರೂ ಚಿಂತೆಯಿಲ್ಲ. ಪದಕ ಅಂಬುಜಮ್ಮನವರ ಹತ್ತಿರವೇ ಇರಲಿ. ಮುಟ್ಟಿದಳು ಎಂದು ಬರೆದರೆ ಸಾಕು.

ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತಿರುವ ತಮ್ಮ ವಿಶ್ವಾಸಿ,
ಸರ್ವಮಂಗಳ
ದೊಡ್ಡಆಲಹಳ್ಳಿ

ತಾ.ಕ.: ಮುಂದಿನ ವರ್ಷದ ಓಟಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದ ತಮ್ಮ ಪತ್ರ ನಿನ್ನೆ ತಲುಪಿತು. ಆ ದಿನ ನನಗೆ ಓಟವಿರುವುದರಿಂದ ಬರಲಾಗುವುದಿಲ್ಲ, ಕ್ಷಮಿಸಬೇಕು. ಕುರ್ಚಿಯಲ್ಲಿ ನಮ್ಮ ಯಜಮಾನರನ್ನು ಕೂರಿಸಿಕೊಳ್ಳಿ. ಕೂರುವುದರಲ್ಲಿ ಅವರಿಗೆ ಮೂವತ್ತು ವರ್ಷದ ಅಭ್ಯಾಸವಿದೆ, ನಾನು ಓಡಿದ್ದಕ್ಕೆ ಸನ್ಮಾನ ಮಾಡಿಸಿಕೊಳ್ಳಲು ಅವರು ಬೇಡವೆನ್ನುವುದೂ ಇಲ್ಲ.