ಥೂಜಾ ಕಡ್ಡಿಗೆ ಬೇರು, ನನಗೆ ಕೋಪ

ನಮ್ಮ ಮನೆಯಲ್ಲಿ ಒಂದು ಕಡ್ಡಿ ನೆಟ್ಟರೆ ಅದಕ್ಕೆ ಬೇರು ಬರುವ ಮೊದಲೇ ನನಗೆ ಕೋಪ ಬರುತ್ತದೆ. ಯಾವಾಗಲೂ ಹೀಗೇ. ಈ ಸಲ ಸ್ವಲ್ಪ ಹೆಚ್ಚಾಯಿತು.

ಹನುಮಂತನಪಟ್ಟಿಯ ನನ್ನ ತವರಿನ ಮುಂದೆ ಅಪ್ಪ ನೆಟ್ಟ ಥೂಜಾ ಇತ್ತು. ಕಡು ಬೇಸಿಗೆಯಲ್ಲೂ ಹಸಿರು ಬಿಡದ ಗಿಡ. ಕಾರು ನಿಲ್ಲಿಸಲು ಜಾಗ ಬೇಕೆಂದು ತಮ್ಮ ಅದನ್ನು ಕಡಿಸಲು ಹೊರಟ. ಜಗಳವಾಡಿ ಸೋತೆ. ಹತ್ತು ಕಡ್ಡಿ ಮುರಿದುಕೊಂಡು ಪೆರಿಯಕುಳದ ನಮ್ಮ ಮನೆಗೆ ಬಂದೆ.

ಅತ್ತೆಯ ತಪಾಸಣೆ

ಹಿತ್ತಿಲಲ್ಲಿ ಮರಳು ತುಂಬಿದ ಕುಂಡಗಳಲ್ಲಿ ಕಡ್ಡಿ ನೆಟ್ಟು, ಯಾರೂ ಮುಟ್ಟಬಾರದು ಅಂದೆ. ಮೂರು ವಾರ ಕಳೆದರೂ ಒಂದೂ ಹಿಡಿಯಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಅತ್ತೆ ಒಂದೊಂದೇ ಕಡ್ಡಿ ಕಿತ್ತು, ಕನ್ನಡಕ ಏರಿಸಿ ಬುಡ ನೋಡಿ, ಮತ್ತೆ ಹೂಳುತ್ತಿದ್ದಾರೆ. ಎಷ್ಟು ದಿನದಿಂದ ಎಂದು ಹಲ್ಲು ಕಚ್ಚಿ ಕೇಳಿದೆ. ನೆಟ್ಟ ಮರುದಿನದಿಂದಂತೆ.

"ಸುಮ್ಮಾ ಯಾಕೆ ಕೂಗ್ತೀಯ?" ಅಂದರು. "ಒಂದಕ್ಕಾದರೂ ಬೇರು ಬಂದಿದ್ದರೆ ನಾನೇ ಹೇಳ್ತಿರಲಿಲ್ವಾ?"

ಒಗೆಯುವ ಚೀಲ

ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಕುಂಡಗಳನ್ನು ತಾರಸಿಗೆ ಸಾಗಿಸಿದೆ. ತೇವ ಆರದಿರಲೆಂದು ಒಂದೊಂದಕ್ಕೂ ಪ್ಲಾಸ್ಟಿಕ್ ಚೀಲ ಮುಚ್ಚಿದೆ. ಅಂಗಡಿ ಬೀದಿಯಲ್ಲಿ ನಿಷೇಧಿತ ಪ್ಲಾಸ್ಟಿಕ್ ಚೀಲ ಹಿಡಿಯುತ್ತಿದ್ದ ಅಧಿಕಾರಿ ತಲೆಯೆತ್ತಿ ನೋಡಿ ಮೇಲೆ ಬಂದೇಬಿಟ್ಟರು. ಇದು ಸಾಮಾನು ಹೊರುವುದಕ್ಕಲ್ಲ, ಗಿಡ ಬೆವರುವುದಕ್ಕೆ ಎಂದು ಗಂಟಲು ಹರಿಯುವಷ್ಟು ಹೇಳಿದೆ. ಅವರು ಚೀಲಗಳನ್ನೆಲ್ಲ ಮಡಚಿಕೊಂಡು, ಪ್ಲಾಸ್ಟಿಕ್ ಬದಲಿಗೆ ಹಂಚುವ ಹಳದಿ ಬಟ್ಟೆಚೀಲವೊಂದನ್ನು ನನ್ನ ಕೈಗೆ ಕೊಟ್ಟರು.

"ಇದನ್ನ ತೊಡಿಸಿ ಅಮ್ಮಾ. ಕೊಳೆಯಾದರೆ ಒಗೆದು ಮತ್ತೆ ತೊಡಿಸಬಹುದು."

ಹಸಿರಾಗೇ ಉಳಿದದ್ದು

ಆಮೇಲೆ ಕಡ್ಡಿಗಳು ಕಂದುತ್ತಾ ಬಂದವು. ತವರಲ್ಲಿ ಅಪ್ಪನ ಥೂಜಾವೂ ಉರುಳಿತು ಎಂದು ತಮ್ಮ ಫೋನ್ ಮಾಡಿದ. ಆ ದಿನ ನನ್ನೆದುರು ಬಂದವರೆಲ್ಲ ಬೈಸಿಕೊಂಡರು. ಮರುದಿನ ನೋಡಿದರೆ ಒಂದು ಕಡ್ಡಿ ಮಾತ್ರ ಫಳಫಳ ಹಸಿರು! ದಿನಾ ನೀರು ಹಾಕಿದೆ. ಬಂದವರಿಗೆಲ್ಲ ತೋರಿಸಿ, ಕಡ್ಡಿ ನೆಡುವುದು ಹೇಗೆಂದು ಪಾಠ ಮಾಡಿದೆ.

ಎರಡು ವಾರದ ಮೇಲೆ ನಮ್ಮ ಬೀದಿಯ ಹೂವಿನವಳು ಬಂದಳು. ಎಲೆ ಹಿಸುಕಿ ಮೂಸಿ, ಥೂಜಾ ವಾಸನೆಯೇ ಇಲ್ಲವಲ್ಲ ಅಂದಳು. ನಿನಗೆ ಶೀತ ಆಗಿದೆ ಎಂದು ಗದರಿದೆ. ಅವಳು ಕಡ್ಡಿ ಎಳೆದಳು.

"ಅಕ್ಕಾ, ಬೇರು ಬಂದಿದೆ. ಕಬ್ಬಿಣದ್ದು."

ಪ್ಲಾಸ್ಟಿಕ್ ಎಲೆ, ಬುಡದಲ್ಲಿ ತಂತಿ. ಪಕ್ಕದಲ್ಲಿದ್ದ ನನ್ನ ಗಂಡ ಮೆಲ್ಲಗೆ ಮೆಟ್ಟಿಲ ಕಡೆ ಸರಿಯುತ್ತಿದ್ದರು. ಹಿಡಿದು ಕೇಳಿದೆ. ನನ್ನ ಸಂಕಟ ನೋಡಲಾರದೆ ತಾವೇ ತಂದು ಸಿಕ್ಕಿಸಿದರಂತೆ.

"ಎರಡು ವಾರ ಮನೆ ಎಷ್ಟು ತಣ್ಣಗಿತ್ತು, ನೀನೇ ಹೇಳು," ಅಂದರು.

ನಾನು ಕುಂಡವನ್ನೇ ಎತ್ತಿ ನೆಲಕ್ಕೆ ಕುಕ್ಕಿದೆ. ಮರಳು ಚೆಲ್ಲಿತು. ಅದರಲ್ಲಿ, ಒಣಗಿತೆಂದು ನಾನು ಕೈಬಿಟ್ಟಿದ್ದ ಒಂದು ಕಡ್ಡಿಯ ಬುಡದಲ್ಲಿ, ಎಳೆಯ ಬಿಳಿ ಬೇರು ಎರಡು.

ಹೂವಿನವಳು ಅದನ್ನು ಜೋಪಾನವಾಗಿ ಎತ್ತಿ ನನ್ನ ಅಂಗೈಯಲ್ಲಿಟ್ಟಳು.

"ನೀವು ಸುಮ್ಮನಿದ್ದ ಎರಡು ವಾರದಲ್ಲೇ ಬಂದಿರಬೇಕು ಅಕ್ಕಾ. ಅದಕ್ಕೆ ಮೊದಲು ಪಾಪ, ಹೆದರಿತ್ತು."